ತವರಿನಲ್ಲಿ ಪ್ರೇಮಮ್ಮ ಇಲ್ಲ

ಪ್ರೇಮಮ್ಮನವರನ್ನು ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನಿಂದ ಇಳಿಸಿದ ಸುದ್ದಿ, ಅವರು ಅಜ್ಜಂಪುರದ ಕಡೆಯ ಬುಕ್ಕಾಂಬುಧಿಯ ತವರು ಮನೆ ಸೇರುವ ಮೊದಲೇ ಕಡೂರು ಸೇರಿತ್ತು. ಇಳಿಸಿದವನು ಕಂಡಕ್ಟರ್ ಕಾಂತರಾಜು. ಅವನದೇನೂ ತಪ್ಪಿರಲಿಲ್ಲ. ಕಡೂರಿನಲ್ಲಿ ಕೊಂಡ ಟಿಕೆಟ್ಟನ್ನು ಅವನು ತನ್ನ ಮಷೀನಿಗೆ ತೋರಿಸಿದಾಗ 'ಪ್ರಯಾಣ ಮುಗಿದಿದೆ' ಎಂದು ಬಂತು. ಕಂಡಕ್ಟರ್ ಮಷೀನಿನ ಮಾತು ಕೇಳಬೇಕು ಎಂದು ಕಲಿಸಿಕೊಟ್ಟವರೇ ಆ ಮಷೀನಿಗೆ ಮಾತು ಬರೆದವರು, ಮತ್ತು ಅವರು ಕಡೂರಿನ ಗೋಣಿಚೀಲದ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತಿದ್ದರು. ಒಬ್ಬರು ಪ್ರೇಮಮ್ಮನವರ ಮಗ ರುದ್ರಮೂರ್ತಿ. ಇನ್ನೊಬ್ಬಳು ಅವರ ಹತ್ತಿರ ಕೆಲಸಕ್ಕಿದ್ದ ಕೃತಿಕಾ.

ಮೂರೂರಿನ ಖಾಸಗಿ ಬಸ್ಸುಗಳಿಗೆಲ್ಲ ಒಂದೇ ಟಿಕೆಟ್ ಎಂಬುದು ಕೃತಿಕಾಳ ಯೋಚನೆ. ಕಡೂರಿನಲ್ಲಿ ಹತ್ತಿದವನು ತರೀಕೆರೆಯಲ್ಲಿ ಬಸ್ಸು ಬದಲಿಸಿ ಅಜ್ಜಂಪುರದ ಕಡೆಗೆ ಹೋಗುವಾಗ ಮತ್ತೆ ಟಿಕೆಟ್ ಕೊಳ್ಳುವುದೇಕೆ ಎಂದು ಅವಳು ಕೇಳಿದ್ದಳು. ಬಸ್ ಮಾಲೀಕರ ಸಂಘದ ಅಧ್ಯಕ್ಷ ಜಯದೇವಪ್ಪ ಮೊದಲು ನಕ್ಕು, ಆಮೇಲೆ ಒಪ್ಪಿ, ಆಮೇಲೆ ಅದು ತನ್ನದೇ ಯೋಚನೆ ಎಂದು ಊರಿಡೀ ಹೇಳಿಕೊಂಡು ಬಂದಿದ್ದರು. ಈಗ ಮೆಟ್ಟಿಲು ಹತ್ತಿ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಾಗ ಆ ಯೋಚನೆ ಮತ್ತೆ ಕೃತಿಕಾಳದ್ದಾಗಿತ್ತು.

"ನೋಡಮ್ಮ, ನಿನ್ನ ಮಷೀನು ನಿಮ್ಮ ಸಾರ್ ತಾಯೀನೇ ಬಿಡ್ಲಿಲ್ಲ. ಇನ್ನು ನಮ್ಮಂಥೋರನ್ನ ಬಿಟ್ಟೀತೇ?" ಎಂದರು ಜಯದೇವಪ್ಪ.

"ಸರಿ ಮಾಡ್ತೀನಿ ಸಾರ್."

"ಮಾಡು. ಶನಿವಾರ ಬೆಳಿಗ್ಗೆ ತರೀಕೆರೆ ಸ್ಟ್ಯಾಂಡಲ್ಲಿ ನಾನೇ ನಿಂತಿರ್ತೀನಿ. ಒಂದು ಟಿಕೆಟ್ಟು ಎರಡು ಬಸ್ಸು ಹತ್ತಬೇಕು. ಹತ್ತಲಿಲ್ವೋ, ಮಷೀನೆಲ್ಲ ವಾಪಸ್ಸು. ಹಳೇ ಟಿಕೆಟ್ ಬಂಡಲ್ಲು ಗೋಡೌನಲ್ಲಿ ಹಂಗೇ ಅವೆ."

ಮಷೀನು ವಾಪಸ್ಸಾದರೆ ರುದ್ರಮೂರ್ತಿ ತಮ್ಮ ತಂದೆಯ ಕೊಬ್ಬರಿ ವ್ಯಾಪಾರಕ್ಕೆ ಮರಳುತ್ತಾರೆ. ಕೃತಿಕಾಳಿಗೆ ಮರಳಲು ಅಂಥದ್ದೇನೂ ಇರಲಿಲ್ಲ. ಕಡೂರಿನಲ್ಲಿ ಅವಳು ಓದಿದ ಓದಿಗೆ ಇದ್ದ ಕುರ್ಚಿ ಇದೊಂದೇ. 'ಇನ್ನೂ ಇಲ್ಲೇ ಇದ್ದೀಯಾ' ಎಂದು ಕೇಳುವವರಿಗೆಲ್ಲ ಅವಳು ಇಷ್ಟು ದಿನ ಕೊಟ್ಟ ಉತ್ತರ ಆ ಟಿಕೆಟ್ಟು. ಅದು ತರೀಕೆರೆಯಲ್ಲಿ ಇಳಿದುಬಿಟ್ಟರೆ ಉತ್ತರವೂ ಇಳಿದ ಹಾಗೆ.

ತಪ್ಪು ಎಲ್ಲಿದೆ ಎಂದು ಕಂಡುಹಿಡಿಯುವುದು ಕಷ್ಟದ ಕೆಲಸವಲ್ಲ. ಪ್ರೋಗ್ರಾಮನ್ನು ಕೋಡು ಬರೆಯುವ ಎಡಿಟರಿನೊಳಗೆ ಓಡಿಸಿ, ಒಂದೊಂದೇ ಸಾಲಿಗೆ ನಿಲ್ಲಿಸಿ, ಟಿಕೆಟ್ಟಿನ ಹಿಂದೆಯೇ ನಡೆಯುತ್ತಾ ಹೋಗಬೇಕು. ಎಲ್ಲಿ ಅದು ಸಾಯುತ್ತದೋ ಅಲ್ಲಿ ತಪ್ಪು. ಆದರೆ ಎಡಿಟರು ಓಡಿಸಲು ಒಪ್ಪುತ್ತಿರಲಿಲ್ಲ.

ಪ್ರೋಗ್ರಾಮನ್ನು ಕೃತಿಕಾ ನಾಲ್ಕು ಬಿಡಿ ಭಾಗಗಳಾಗಿ, ಮಾಡ್ಯೂಲುಗಳಾಗಿ, ಕಟ್ಟಿದ್ದಳು. ಊರಿಗೊಂದು, ಮತ್ತು ಟಿಕೆಟ್ ಅಚ್ಚುಹಾಕುವ ಕೆಲಸಕ್ಕೆ ಬೇರೆಯದೇ ಒಂದು, ಮುದ್ರಣ. ತೊಂದರೆ ಬಂದದ್ದು ಈ ಮುದ್ರಣದಿಂದ. ಕಂಡಕ್ಟರುಗಳ ಕೈಯಲ್ಲಿದ್ದ ಕಪ್ಪು ಮಷೀನುಗಳಿಗೆ ಪ್ರಿಂಟಿಂಗ್ ಲೈಬ್ರರಿಯ, ಅಂದರೆ ಯಾರೋ ಮೊದಲೇ ಬರೆದಿಟ್ಟ ಸಿದ್ಧ ಕೋಡಿನ, ಹಳೆಯ ಆವೃತ್ತಿ ಮಾತ್ರ ಗೊತ್ತು. ಟಿಕೆಟ್ಟಿನ ಮೇಲಿನ ಚೌಕಳಿ ಗುರುತನ್ನು, ಕ್ಯೂಆರ್ ಕೋಡನ್ನು, ಓದಲು ಅದೇ ಲೈಬ್ರರಿಯ ಹೊಸ ಆವೃತ್ತಿ ಬೇಕು. ಎರಡಕ್ಕೂ ಒಂದೇ ಹೆಸರು. ಒಂದೇ ಹೆಸರಿನವು ಎರಡು ಎದುರಾದರೆ, ಪ್ರೋಗ್ರಾಮು ಬರೆದ ಭಾಷೆ ಜಾವಾ, ಮೊದಲು ಸಿಕ್ಕಿದ್ದನ್ನು ಹಿಡಿದುಕೊಂಡು ಇನ್ನೊಂದನ್ನು ತಿರುಗಿಯೂ ನೋಡುವುದಿಲ್ಲ.

ಇದಕ್ಕೆ, ಹಿಂದೆ ಅದೇ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದ ಸಿದ್ದೇಶ್ ಒಂದು ಉಪಾಯ ಮಾಡಿದ್ದ. ಮುದ್ರಣ ಮಾಡ್ಯೂಲನ್ನು ಕಟ್ಟಿ ಜಾರ್ ಫೈಲೆಂಬ ಒಂದೇ ಗಂಟಾಗಿ ಮುಚ್ಚುವ ಕೊನೆಯ ಗಳಿಗೆಯಲ್ಲಿ ಹಳೆಯ ಲೈಬ್ರರಿಗೆ ಹೊಸ ಹೆಸರು ಕೊಟ್ಟುಬಿಡುವುದು. ಆಗ ಹಳೆಯದು ಹೊಸದು ಒಂದೇ ಸೂರಿನಡಿ ಜಗಳವಿಲ್ಲದೆ ಇರುತ್ತವೆ. ಊರಿನ ಮಾಡ್ಯೂಲುಗಳೆಲ್ಲ ಆ ಹೊಸ ಹೆಸರು ಹಿಡಿದೇ ಅದನ್ನು ಕರೆಯುತ್ತಿದ್ದವು. ಎಡಿಟರಿನ ಹೊರಗೆ ಕಮಾಂಡ್ ಕೊಟ್ಟು ನಾಲ್ಕನ್ನೂ ಒಟ್ಟಿಗೆ ಕಟ್ಟಿದರೆ ಎಲ್ಲವೂ ಸರಾಗ. ಎಡಿಟರಿನಲ್ಲಿ ತೆರೆದರೆ ಮಾತ್ರ ಆ ಹೆಸರು ಬಂದಲ್ಲೆಲ್ಲ ಕೆಂಪು. 'ಈ ಹೆಸರಿನದು ಇಲ್ಲ.' ಕಡೂರಿನಲ್ಲಿ ಕೆಂಪು, ತರೀಕೆರೆಯಲ್ಲಿ ಕೆಂಪು, ಅಜ್ಜಂಪುರದಲ್ಲಿ ಕೆಂಪು. ಕೃತಿಕಾ ಎಡಿಟರಿನ ನೆನಪು ಅಳಿಸಿ ನೋಡಿದಳು. ಹೊಸದಾಗಿ ಹಾಕಿ ನೋಡಿದಳು. ಲೈಬ್ರರಿಯನ್ನು ಕೈಯಾರೆ ಸೇರಿಸಿ ನೋಡಿದಳು. ಆಗ ಕೆಂಪು ಇನ್ನಷ್ಟು ಹೆಚ್ಚಿತು. ಸೇರಿಸಿದಷ್ಟೂ ಅದು ಮುನಿಸಿಕೊಳ್ಳುತ್ತಿತ್ತು.

ಸಿದ್ದೇಶನಿಗೆ ಫೋನು ಮಾಡಿದಳು. ಅವನು ಈಗ ಕೋಡು ಬಿಟ್ಟು, ಹೆಬ್ಬೆ ಜಲಪಾತ ನೋಡಲು ಬಂದವರನ್ನು ಜೀಪಿನಲ್ಲಿ ಕರೆದೊಯ್ಯುತ್ತಿದ್ದ. ಸಿಗ್ನಲ್ ಸಿಗುವ ಯಾವುದೋ ತಿರುವಿನಲ್ಲಿ ಅವನು ಸಿಕ್ಕಿದ.

"ಸಿದ್ದೇಶಣ್ಣ, ನೀವು ಹೆಸರು ಬದಲಾಯಿಸಿಟ್ಟು ಹೋದ್ರಲ್ಲ, ಎಡಿಟರಿಗೆ ಅದು ಕಾಣ್ತಾನೇ ಇಲ್ಲ."

"ಕಾಣಲ್ಲ ಕಣಮ್ಮ. ನಂಗೂ ಕಾಣ್ತಿರ್ಲಿಲ್ಲ. ಕಮಾಂಡಲ್ಲಿ ಓಡ್ತದಲ್ಲ, ಬಿಡು ಅತ್ಲಾಗೆ."

"ಓಡೋದು ಸಾಲದು. ಓಡ್ತಿರೋವಾಗ ಒಳಗೆ ಇಣುಕಬೇಕು."

"ಇಣುಕ್ಬಾರ್ದು ಅಂತಾನೇ ನಾನು ಜೀಪಿಗೆ ಬಂದಿದ್ದು. ಇಲ್ಲಿ ಬಾನೆಟ್ ಎತ್ತಿದ್ರೆ ಎಲ್ಲಾ ಕಾಣ್ತದೆ," ಎಂದ ಸಿದ್ದೇಶ್. ಅಷ್ಟರಲ್ಲಿ ತಿರುವು ಮುಗಿದು ಸಿಗ್ನಲ್ ಹೋಯಿತು.

ಶುಕ್ರವಾರ ಬೆಳಿಗ್ಗೆ ರುದ್ರಮೂರ್ತಿ ಒಂದು ಕನ್ನಡಕದ ಡಬ್ಬಿ ಹಿಡಿದು ಬಂದರು.

"ಅಮ್ಮ ಕನ್ನಡಕ ಬಿಟ್ಟೋಗಿದಾರೆ. ಒಂದು ಕೆಲಸ ಮಾಡು, ಬುಕ್ಕಾಂಬುಧಿಗೆ ಹೋಗಿ ಕೊಟ್ಟು ಬಂದ್ಬಿಡು."

"ಸಾರ್, ನಾಳೆ ಶನಿವಾರ. ನಾನು ಈ ಕೆಂಪು..."

"ಆ ಕೆಂಪನ್ನ ನೋಡಿ ನೋಡಿ ನಿನ್ನ ಕಣ್ಣೂ ಹಂಗೇ ಆಗಿದಾವೆ. ಹೋಗಿ ಬಾ. ಅಮ್ಮ ಬೇರೆ ಹಟ ಹಿಡಿದು ಕೂತಿದಾರೆ. ಟಿಕೆಟ್ ಸರಿಯಾಗೋ ತನಕ ಕಡೂರಿಗೆ ಬರಲ್ವಂತೆ. ಒಂದು ಮಾತು ಸಮಾಧಾನ ಹೇಳು."

"ನೀವೇ ಹೇಳ್ಬಹುದಲ್ಲ ಸಾರ್."

"ನಾನು ಹೋದ್ರೆ ಬೈತಾರೆ."

"ನಾನು ಹೋದ್ರೆ?"

"ನಿಂಗೂ ಬೈತಾರೆ. ಆದ್ರೆ ಹೊರಗಿನೋಳು ಅಂತ ಕಾಫಿ ಕೊಟ್ಟು ಬೈತಾರೆ," ಎಂದರು ರುದ್ರಮೂರ್ತಿ.

ಬುಕ್ಕಾಂಬುಧಿಯ ಕೆರೆ ಏರಿಯ ಹತ್ತಿರ ಬಸ್ಸು ಅವಳನ್ನು ಬಿಟ್ಟು ಹೋಯಿತು. ಕೆರೆ ದೊಡ್ಡದು, ಹಳೆಯದು. ಅದರ ಮುಂದೆ ನಿಂತರೆ ಶನಿವಾರ ಎಂಬ ಪದಕ್ಕೆ ಅಷ್ಟೇನೂ ಬೆಲೆಯಿಲ್ಲ ಎನಿಸುತ್ತಿತ್ತು. ಏರಿಯ ಕೆಳಗಿನ ಬೀದಿಯಲ್ಲಿ, ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ ಮುದುಕರೊಬ್ಬರು ಸಿಕ್ಕಿದರು. ಹೆಸರು ಗಿಡ್ಡಪ್ಪ ಎಂದು ಆಮೇಲೆ ಗೊತ್ತಾಯಿತು.

"ತಾತ, ಪ್ರೇಮಮ್ಮನವರ ಮನೆ ಯಾವುದು?"

"ಪ್ರೇಮಮ್ಮ? ಅಂಗನವಾಡಿ ಟೀಚರ್ರಾ?"

"ಅಲ್ಲ, ವಯಸ್ಸಾದೋರು. ಕಡೂರಿಂದ ಬಂದಿದಾರೆ."

"ಹಂಗಾದ್ರೆ ಇಲ್ಲ. ನಮ್ಮೂರಲ್ಲಿ ಪ್ರೇಮಮ್ಮ ಅನ್ನೋರು ಅವರೊಬ್ರೇ."

"ಇದೇ ಅವರ ತವರು ಮನೆ ಊರು ತಾತ."

"ನಾನು ಹುಟ್ಟಿದ್ದೂ ಇದೇ ಊರೇ ಕಣಮ್ಮ. ಇಲ್ಲ ಅಂದ್ರೆ ಇಲ್ಲ. ಬೇರೆ ಯಾವುದೋ ಬುಕ್ಕಾಂಬುಧಿ ಇರಬೇಕು, ಕೇಳಿ ನೋಡು."

ಅವಳು ಪಕ್ಕದ ಬೀದಿಯಲ್ಲಿ ಕೇಳಿದಳು. ಅಲ್ಲಿ ಹಪ್ಪಳ ಒಣಹಾಕುತ್ತಿದ್ದ ಹೆಂಗಸು ಅವಳನ್ನು ಅಂಗನವಾಡಿಗೆ ಕಳಿಸಿದಳು. ಅಂಗನವಾಡಿಯ ಪ್ರೇಮಮ್ಮ ಕೃತಿಕಾಳಿಗಿಂತ ಸ್ವಲ್ಪ ದೊಡ್ಡವಳು, ಕನ್ನಡಕ ತನ್ನದಲ್ಲ ಎಂದು ನಗುತ್ತಾ ವಾಪಸ್ಸು ಕೊಟ್ಟಳು. ಕೃತಿಕಾ ಸುತ್ತಿ ಸುಸ್ತಾಗಿ ಮತ್ತೆ ಗಿಡ್ಡಪ್ಪನ ಎದುರಿಗೇ ಬಂದು, ಎದುರು ಮನೆಯ ಕಲ್ಲು ಕಟ್ಟೆಯ ಮೇಲೆ ಕೂತು ರುದ್ರಮೂರ್ತಿಗೆ ಫೋನು ಮಾಡಿದಳು.

"ಸಾರ್, ಇಲ್ಲಿ ನಿಮ್ಮಮ್ಮ ಅನ್ನೋರೇ ಇಲ್ವಂತೆ."

"ಏನಮ್ಮಾ ಹಂಗಂದ್ರೆ? ನೀಲಿ ಬಾಗಿಲು, ಮುಂದೆ ಕಲ್ಲು ಕಟ್ಟೆ."

ಕೃತಿಕಾ ತಾನು ಕೂತ ಕಟ್ಟೆಯನ್ನು ನೋಡಿದಳು. ಹಿಂದೆ ತಿರುಗಿದಳು. ನೀಲಿ ಬಾಗಿಲು ಪೂರ್ತಿ ತೆರೆದಿತ್ತು, ಮತ್ತು ಅದರೊಳಗಿಂದ ಪ್ರೇಮಮ್ಮ, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಮೊರ, ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ ಅವಳನ್ನೇ ನೋಡುತ್ತಿದ್ದರು.

"ಯಾರೇ ಅದು, ನಮ್ಮ ಮೂರ್ತಿ ಆಫೀಸಿನ ಹುಡುಗಿ ಅಲ್ವೇನೇ?"

ಎದುರು ಜಗಲಿಯಿಂದ ಗಿಡ್ಡಪ್ಪ ಕೂಗಿದರು. "ಮಲ್ಲೀ, ಈ ಮಗು ಯಾರೋ ಪ್ರೇಮಮ್ಮ ಅನ್ನೋರನ್ನ ಹುಡುಕ್ತಾ ಐತೆ ಕಣವ್ವ. ನಿಂಗೇನಾರಾ ಗೊತ್ತಾ?"

"ನಾನೇ ಕಣೋ ಪ್ರೇಮಮ್ಮ."

"ನೀನು ಮಲ್ಲಿ ಅಲ್ವೇನೇ?"

"ಇಲ್ಲಿ ಮಲ್ಲಿ, ಅಲ್ಲಿ ಪ್ರೇಮಮ್ಮ. ನಾನು ಮದ್ವೆಯಾಗಿ ಹೋದಾಗ ನೀನು ಪಾಯಸ ಉಂಡಿದ್ದೆ, ಹೆಸರೊಂದು ಕೇಳ್ಕೊಳ್ಳೋಕೆ ಏನಾಗಿತ್ತು?"

ಗಿಡ್ಡಪ್ಪ ಹಗ್ಗ ಕೆಳಗಿಟ್ಟರು. "ಪಾಯಸ ಚೆನ್ನಾಗಿತ್ತು," ಎಂದರು.

ಕಾಫಿ ಬಂತು. ಬೈಗುಳವೂ ಬಂತು, ಆದರೆ ಕಾಫಿಯಷ್ಟು ಬಿಸಿಯಾಗಿರಲಿಲ್ಲ. ತರೀಕೆರೆ ಸ್ಟ್ಯಾಂಡಿನಲ್ಲಿ ಜನರೆಲ್ಲ ನೋಡುತ್ತಿರುವಾಗ ಟಿಕೆಟ್ ಇಲ್ಲದವಳ ಹಾಗೆ ಇಳಿದದ್ದು ಪ್ರೇಮಮ್ಮನವರನ್ನು ಇನ್ನೂ ಚುಚ್ಚುತ್ತಿತ್ತು. "ಟಿಕೆಟ್ಟು ಕೈಲೇ ಇತ್ತು ಕಣೇ. ಅದನ್ನ ಎತ್ತಿ ಹಿಡ್ಕೊಂಡೇ ಇಳಿದೆ," ಎಂದರು. ಕೃತಿಕಾ ತಲೆ ತಗ್ಗಿಸಿ ಕಾಫಿ ಕುಡಿದಳು. ಮಾತು ಬದಲಿಸಲೆಂದು ಹೆಸರಿನ ವಿಷಯ ಕೇಳಿದಳು.

"ನಂದು ಮಲ್ಲಿಕಾಂಬ. ನಮ್ಮತ್ತೇದೂ ಮಲ್ಲಿಕಾಂಬ," ಎಂದರು ಪ್ರೇಮಮ್ಮ. "ಒಂದೇ ಮನೇಲಿ ಇಬ್ರು ಹೆಂಗೆ? ಸೊಸೇನ ಬೈಯೋಕೆ ಬಾಯಿ ತೆಗೆದ್ರೆ ನಮ್ಮತ್ತೆಗೆ ತನ್ನ ಹೆಸರೇ ಬರ್ತಿತ್ತು. ಅದಕ್ಕೇ ಹೊಸಿಲು ದಾಟಿಸೋವಾಗಲೇ ಬೇರೆ ಹೆಸರಿಟ್ಟು ಒಳಗೆ ಕರ್ಕೊಂಡ್ರು. ಈಚೆಗೆ ಮಲ್ಲಿ, ಆಚೆಗೆ ಪ್ರೇಮ. ನಮ್ಮ ಕಡೆ ಹಂಗೇ ಮಾಡ್ತಿದ್ರು."

"ಇಲ್ಲಿ ಯಾರಿಗೂ ಹೇಳ್ಲಿಲ್ವಾ?"

"ಇಲ್ಲಿಯೋರಿಗೆ ಯಾಕೆ ಬೇಕು? ಆ ಹೆಸರು ಹಿಡಿದು ಕೇಳೋರು ಕಡೂರಲ್ಲಿ ಕೇಳ್ಬೇಕು. ಅಲ್ಲಿ ಪ್ರೇಮಮ್ಮ ಅಂದ್ರೆ ಬಸ್‌ಸ್ಟ್ಯಾಂಡ್ ನಾಯೀನೂ ಮನೆ ತೋರಿಸ್ತದೆ."

ಕೃತಿಕಾ ನಕ್ಕಳು. ಲೋಟ ಕೆಳಗಿಡಲು ಹೋದವಳು ಹಾಗೇ ನಿಂತಳು.

ಎಡಿಟರು ಕುರುಡಲ್ಲ. ಅದು ಇವತ್ತು ಅವಳು ಮಾಡಿದ್ದನ್ನೇ ಮಾಡುತ್ತಿತ್ತು. ಮುದ್ರಣ ಮಾಡ್ಯೂಲು ಅದೇ ಪರದೆಯಲ್ಲಿ ಬಾಗಿಲು ತೆರೆದುಕೊಂಡು ಕೂತಿದೆ. ಊರಿನ ಮಾಡ್ಯೂಲುಗಳು ಕೇಳಿದ ಕೂಡಲೇ ಎಡಿಟರು, ಮುಚ್ಚಿಟ್ಟ ಜಾರ್ ಫೈಲಿನವರೆಗೆ ಹೋಗುವ ಶ್ರಮವೇಕೆಂದು, ತೆರೆದ ಬಾಗಿಲಿನಿಂದ ನೇರ ತವರಿಗೇ ನುಗ್ಗಿ ಗಂಡನ ಮನೆಯ ಹೆಸರು ಕೇಳುತ್ತದೆ. ತವರಿನಲ್ಲಿ ಆ ಹೆಸರು ಎಲ್ಲಿದೆ? ಅದು ಇಟ್ಟದ್ದೇ ಹೊಸಿಲು ದಾಟುವಾಗ. ಕಮಾಂಡ್ ಕೊಟ್ಟಾಗ ಸರಿಯಾಗುವುದೂ ಅದಕ್ಕೇ. ಅದು ಮೊದಲು ಹೊಸಿಲು ದಾಟಿಸಿ ಆಮೇಲೆ ಕೇಳುತ್ತದೆ. ಅವಳು ಇಷ್ಟು ದಿನವೂ ಸೇರಿಸುತ್ತಾ, ಇನ್ನಷ್ಟು ಸೇರಿಸುತ್ತಾ, ಬಾಗಿಲ ಮೇಲೆ ಬಾಗಿಲು ತೆರೆಯುತ್ತಿದ್ದಳು. ಮಾಡಬೇಕಾದದ್ದು ಒಂದು ಬಾಗಿಲು ಮುಚ್ಚುವ ಕೆಲಸ.

"ಅಮ್ಮ, ನಾನು ಬರ್ತೀನಿ," ಎಂದಳು.

"ಊಟ ಮಾಡ್ಕೊಂಡ್ ಹೋಗೇ. ರೊಟ್ಟಿ ತಟ್ತೀನಿ."

"ನಾಳೆ ನೀವು ಬೆಳಿಗ್ಗೆ ಬಸ್ಸಿಗೆ ಹತ್ತಿ. ಕಡೂರಿಗೆ ಒಂದೇ ಟಿಕೆಟ್ ತಗೊಳ್ಳಿ. ತರೀಕೆರೆಲಿ ನಾನಿರ್ತೀನಿ."

"ಮತ್ತೆ ಇಳಿಸಿದ್ರೆ?"

"ಇಳಿಸಿದ್ರೆ ನಾನೂ ನಿಮ್ಮ ಜೊತೆ ಇಲ್ಲಿಗೇ ಬಂದು ಇದ್ಬಿಡ್ತೀನಿ," ಎಂದಳು ಕೃತಿಕಾ. "ನಂಗೂ ಒಂದು ಹೆಸರಿಡಿ."

ಕಡೂರಿನ ಆಫೀಸಿಗೆ ಬಂದವಳು ಚಪ್ಪಲಿ ಬಿಟ್ಟ ಸದ್ದೂ ಆಗದ ಹಾಗೆ ಕುರ್ಚಿಗೆ ಹೋಗಿ ಕೂತಳು. ಎಡಿಟರಿನಲ್ಲಿ ಮುದ್ರಣ ಮಾಡ್ಯೂಲಿನ ಮೇಲೆ ಬೆರಳಿಟ್ಟು, ಪ್ರಾಜೆಕ್ಟಿನಿಂದ ಹೊರಗೆ ತೆಗೆದಳು. ಹಿಂದೆ ನಿಂತಿದ್ದ ರುದ್ರಮೂರ್ತಿ ಮುಂದೆ ಬಾಗಿದರು.

"ಏನಮ್ಮಾ ಮಾಡ್ತಿದ್ದೀಯ? ಅಚ್ಚು ಹಾಕೋದೇ ಅದು."

"ಅಳಿಸಿಲ್ಲ ಸಾರ್. ಎಡಿಟರಿನ ಕಣ್ಣಿಗೆ ಬೀಳದ ಹಾಗೆ ಇಟ್ಟೆ ಅಷ್ಟೆ. ಫೋಲ್ಡರು ಅಲ್ಲೇ ಇದೆ."

ಪರದೆ ಒಂದು ಗಳಿಗೆ ಸ್ತಬ್ಧವಾಯಿತು. ಆಮೇಲೆ ಕೆಂಪು ಹೆಚ್ಚಾಯಿತು. ಮೊದಲು ಹೆಸರು ಬಂದಲ್ಲಿ ಮಾತ್ರ ಇದ್ದದ್ದು ಈಗ ಕಡತದಿಂದ ಕಡತಕ್ಕೆ ಹರಡಿ, ಬದಿಯ ಪಟ್ಟಿಯೆಲ್ಲ ಹುಣಸೇಹಣ್ಣಿನ ಗೊಜ್ಜು ಚೆಲ್ಲಿದ ಹಾಗಾಯಿತು.

"ಮುಗೀತು," ಎಂದರು ರುದ್ರಮೂರ್ತಿ. "ಕೊಬ್ಬರಿ ರೇಟು ಈಗ ಪರವಾಗಿಲ್ಲ ಅಂತಿದ್ರು ಮೊನ್ನೆ."

ಕೃತಿಕಾ ಆ ಸಾಲುಗಳನ್ನು ಓದಿ ನೋಡಿದಳು. ಈ ಕೆಂಪು ಬೇರೆ ಜಾತಿಯದು. ಮೊದಲಿನದು 'ಈ ಹೆಸರಿನವರು ಈ ಮನೆಯಲ್ಲಿಲ್ಲ' ಎನ್ನುತ್ತಿತ್ತು. ಈಗಿನದು 'ಮನೆಯೇ ಸಿಗುತ್ತಿಲ್ಲ' ಎನ್ನುತ್ತಿತ್ತು. ಅಂದರೆ ಎಡಿಟರು ಕೊನೆಗೂ ಸರಿಯಾದ ಊರಿಗೆ ಹೋಗಿತ್ತು. ಮದುವೆಯ ಹೆಣ್ಣು ಇನ್ನೂ ಅಲ್ಲಿಗೆ ಬಂದಿರಲಿಲ್ಲ, ಅಷ್ಟೆ. ಅವಳ ಹೊಸ ಕಂಪ್ಯೂಟರಿನಲ್ಲಿ, ಎಡಿಟರು ಹುಡುಕುವ ಲೈಬ್ರರಿ ಕಪಾಟಿಗೆ ಮುದ್ರಣದ ಜಾರ್ ಫೈಲನ್ನು ಯಾರೂ ಇಟ್ಟಿರಲಿಲ್ಲ. ಒಟ್ಟಿಗೆ ಕಟ್ಟುವ ಕಮಾಂಡು ಅದನ್ನು ಕಟ್ಟಿ, ಬಳಸಿ, ಅಲ್ಲೇ ಬಿಟ್ಟು ಹೋಗುತ್ತಿತ್ತು. ಅವಳು ಮುದ್ರಣದ ಫೋಲ್ಡರಿಗೆ ಹೋಗಿ, ಅದೊಂದನ್ನೇ ಕಟ್ಟಿ, ಹೊಸ ಹೆಸರಿನೊಂದಿಗೆ ಮುಚ್ಚಿ, ಕಪಾಟಿಗೆ ಸೇರಿಸುವ ಕಮಾಂಡು ಕೊಟ್ಟಳು. ಸಾಲುಗಳು ಓಡಿದವು. ಕೊನೆಯಲ್ಲಿ ಒಂದು ಹಸಿರು ಸಾಲು ಬಂತು. ಎಡಿಟರಿಗೆ ಹೇಳಿದಳು: ಈಗ ಮತ್ತೆ ನೋಡು.

ಅದು ನೋಡಿತು. ಅಜ್ಜಂಪುರದ ಕಡತಗಳಿಂದ ಮೊದಲು ಕೆಂಪು ಇಳಿಯಿತು. ಆಮೇಲೆ ತರೀಕೆರೆ. ಕಡೂರು ಸ್ವಲ್ಪ ತಡೆಯಿತು, ಮರ್ಯಾದೆ ಕೇಳುವ ಹಿರಿಯರ ಹಾಗೆ, ಆಮೇಲೆ ಅದೂ ಬಿಟ್ಟುಕೊಟ್ಟಿತು. ಪರದೆಯ ಮೇಲೆ ಬಿಳಿಯ ಮೇಲೆ ಕಪ್ಪು ಅಕ್ಷರ ಮಾತ್ರ ಉಳಿಯಿತು. ಇಷ್ಟು ಸಾದಾ ದೃಶ್ಯ ಇಷ್ಟು ಚೆಂದ ಇರಬಲ್ಲದು ಎಂದು ಕೃತಿಕಾಳಿಗೆ ಗೊತ್ತಿರಲಿಲ್ಲ.

"ಕೊಬ್ಬರಿ ಇನ್ನೊಂದಿಷ್ಟು ದಿನ ಕಾಯ್ಲಿ ಸಾರ್," ಎಂದಳು.

ಉಳಿದದ್ದು ನಡಿಗೆ. ಅವಳು ಕಡೂರಿನಲ್ಲಿ ಒಂದು ಸುಳ್ಳು ಟಿಕೆಟ್ ಹುಟ್ಟಿಸಿ, ಸಾಲು ಸಾಲಿಗೂ ಅದನ್ನು ನಿಲ್ಲಿಸುತ್ತಾ ಹಿಂದೆಯೇ ಹೋದಳು. ಬೀರೂರು ದಾಟಿತು, ಜೀವಂತವಾಗಿತ್ತು. ತರೀಕೆರೆ ಸ್ಟ್ಯಾಂಡು ಮುಟ್ಟಿತು, ಸತ್ತಿತು. ಸತ್ತ ಜಾಗದಲ್ಲಿ ಒಂದೇ ಒಂದು ಸಾಲಿತ್ತು: ಬಸ್ಸು ಕೊನೆಯ ಸ್ಟ್ಯಾಂಡಿಗೆ ಬಂದರೆ ಅದರಲ್ಲಿದ್ದ ಎಲ್ಲ ಟಿಕೆಟ್ಟೂ ಮುಗಿದ ಹಾಗೆ. ರುದ್ರಮೂರ್ತಿ ಬಗ್ಗಿ ಓದಿ, ದೊಡ್ಡದಾಗಿ ನಕ್ಕರು. ಅದು ಜಯದೇವಪ್ಪನವರ ಮಾತು. ಒಂದು ಟಿಕೆಟ್ಟಿನಲ್ಲಿ ಎರಡು ಸಲ ಓಡಾಡುವವರನ್ನು ಹಿಡಿಯಲು ಅವರೇ ಮೇಜು ಗುದ್ದಿ ಹಾಕಿಸಿದ ನಿಯಮ. ಬಸ್ಸು ನಿಂತ ಮೇಲೆ ಟಿಕೆಟ್ಟೆಲ್ಲಿಯದು ಎಂದು ಅವರು ಅವತ್ತು ಕೇಳಿದ್ದರು. ಕೃತಿಕಾ 'ಬಸ್ಸಿನ ಕೊನೆಯ ಸ್ಟ್ಯಾಂಡು' ಎಂಬುದನ್ನು 'ಟಿಕೆಟ್ಟಿನ ಕೊನೆಯ ಸ್ಟ್ಯಾಂಡು' ಎಂದು ತಿದ್ದಿದಳು. ಸುಳ್ಳು ಟಿಕೆಟ್ಟು ಈ ಸಲ ತರೀಕೆರೆಯಲ್ಲಿ ಬಸ್ಸು ಬದಲಿಸಿ, ಯಾರಿಗೂ ಏನೂ ಹೇಳದೆ ಬುಕ್ಕಾಂಬುಧಿಗೆ ಹೋಗಿ ಇಳಿಯಿತು. ತಿದ್ದಿದ ಪ್ರೋಗ್ರಾಮು ರಾತ್ರಿಯೇ ಕಂಡಕ್ಟರುಗಳ ಮಷೀನುಗಳಿಗೆಲ್ಲ ಹೋಯಿತು.

ಶನಿವಾರ ಬೆಳಿಗ್ಗೆ ತರೀಕೆರೆ ಸ್ಟ್ಯಾಂಡಿನಲ್ಲಿ ಜಯದೇವಪ್ಪ ಬಿಳಿ ಪಂಚೆಯುಟ್ಟು ನಿಂತಿದ್ದರು. ಅಜ್ಜಂಪುರದ ಕಡೆ ಬಸ್ಸಿನಲ್ಲಿರಬೇಕಾದ ಕಾಂತರಾಜುವನ್ನು ಅವರು ಬೇಕೆಂದೇ ಕಡೂರಿನ ಬಸ್ಸಿಗೆ ಹಾಕಿಸಿದ್ದರು. "ಇಳಿಸಿದೋನೇ ಹತ್ತಿಸ್ಲಿ," ಎಂದರು. ಕಾಂತರಾಜು ಕೃತಿಕಾಳ ಕಡೆ ನೋಡಿ, "ಮೇಡಮ್ಮಾರೆ, ಇವತ್ತು ಮಷೀನೇನಾದ್ರೂ ಬೇಡ ಅಂದ್ರೆ ನಾನು ಕಿವುಡ ಆಗ್ಬಿಡ್ತೀನಿ," ಎಂದ.

"ಬೇಡ ಅನ್ನಲ್ಲ. ಅಂದ್ರೆ ನೀವು ಕೇಳಿಸ್ಕೊಳ್ಳಲೇಬೇಕು," ಎಂದಳು ಕೃತಿಕಾ.

ಅಜ್ಜಂಪುರದ ಕಡೆಯಿಂದ ಬಸ್ಸು ಬಂದು ನಿಂತಿತು. ಪ್ರೇಮಮ್ಮ ಕನ್ನಡಕ ಹಾಕಿಕೊಂಡು, ಚೀಲ ಹಿಡಿದು, ಅವತ್ತು ಇಳಿದಿದ್ದ ಹಾಗೇ ಟಿಕೆಟ್ಟನ್ನು ಎತ್ತಿ ಹಿಡಿದುಕೊಂಡು ಇಳಿದರು. ಸ್ಟ್ಯಾಂಡಿನ ಉದ್ದಕ್ಕೂ ಹಾಗೇ ಎತ್ತಿ ಹಿಡಿದುಕೊಂಡು ನಡೆದರು. ಕಡಲೆಕಾಯಿ ಮಾರುವವನು ದಾರಿ ಬಿಟ್ಟ. ಕಡೂರಿನ ಬಸ್ಸಿನ ಬಾಗಿಲಲ್ಲಿ ನಿಂತು ಟಿಕೆಟ್ಟನ್ನು ಕಾಂತರಾಜುವಿನ ಮೂಗಿನ ಮುಂದೆ ಹಿಡಿದರು.

"ತಗೋಳಪ್ಪಾ. ಏನಂತದೆ ಕೇಳು ನಿಮ್ಮ ಯಜಮಾನ್ರನ್ನ."

ಕಾಂತರಾಜು ಕಪ್ಪು ಮಷೀನನ್ನು ಟಿಕೆಟ್ಟಿನ ಮೇಲೆ ಹಿಡಿದ. ಜಯದೇವಪ್ಪ ಕತ್ತು ಮುಂದೆ ಚಾಚಿದರು. ಮಷೀನು ಒಂದು ಸಲ ಕೂಗಿ, ಹಸಿರು ದೀಪ ಹತ್ತಿಸಿ, 'ಕಡೂರು' ಎಂದು ತೋರಿಸಿತು.

"ಹತ್ತಿ ತಾಯಿ," ಎಂದ ಕಾಂತರಾಜು.

ಪ್ರೇಮಮ್ಮ ಹತ್ತಲಿಲ್ಲ. ತಿರುಗಿ ಸ್ಟ್ಯಾಂಡಿನಲ್ಲಿದ್ದವರನ್ನೆಲ್ಲ ಒಂದು ಸುತ್ತು ನೋಡಿದರು, ಅವತ್ತು ನೋಡಿದವರು ಇವತ್ತೂ ನೋಡಿದರೋ ಇಲ್ಲವೋ ಎಂದು ಖಚಿತ ಮಾಡಿಕೊಳ್ಳುವ ಹಾಗೆ. ಆಮೇಲೆ ಹತ್ತಿ, ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತರು.

"ನಾನು ಅವತ್ತೇ ಅಂದಿದ್ದೆ. ಮೂರೂರಿಗೂ ಒಂದೇ ಟಿಕೆಟ್ ಇರ್ಬೇಕು ಅಂತ," ಎಂದರು ಜಯದೇವಪ್ಪ, ಪಕ್ಕದಲ್ಲಿದ್ದ ಯಾರಿಗೋ.

"ಬಸ್ಸು ನಿಂತ ಮೇಲೆ ಟಿಕೆಟ್ಟೆಲ್ಲಿದು ಅಂತಾನೂ ನೀವೇ ಅಂದಿದ್ರಿ ಸಾರ್. ಆ ಸಾಲನ್ನ ನಿನ್ನೆ ತಿದ್ದಿದೆ," ಎಂದಳು ಕೃತಿಕಾ.

ಜಯದೇವಪ್ಪ ಅವಳನ್ನು ನೋಡಿದರು. ಕೋಪ ಬರಬೇಕೋ ನಗು ಬರಬೇಕೋ ತೀರ್ಮಾನವಾಗದೆ ಅವರ ಮೀಸೆ ಸ್ವಲ್ಪ ಹೊತ್ತು ಹಾಗೇ ಕಾಯಿತು. "ಸಖರಾಯಪಟ್ಟಣದ ಬಸ್ಸಿಗೂ ಇದನ್ನ ಹಾಕ್ಬೋದೇನಮ್ಮ?" ಎಂದರು ಕೊನೆಗೆ.

"ಹಾಕ್ಬೋದು ಸಾರ್. ಸೋಮವಾರ ಮಾತಾಡೋಣ."

ಬಸ್ಸು ಹೊರಟಿತು. ಕೃತಿಕಾ ಓಡಿ ಹತ್ತಿ ಪ್ರೇಮಮ್ಮನವರ ಪಕ್ಕದಲ್ಲಿ ಕೂತಳು. ಪ್ರೇಮಮ್ಮ ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ತೆಗೆದು ಅವಳ ತೊಡೆಯ ಮೇಲಿಟ್ಟರು. "ನಿನ್ನೆ ಉಣ್ಣದೆ ಓಡಿಬಂದ್ಬಿಟ್ಟೆ," ಎಂದರು. "ನಿಂಗೆ ಹೆಸರಿಡೋ ಅಷ್ಟರಲ್ಲಿ."

ಊರು ದಾಟುವಾಗ ಕಾಂತರಾಜು ಹಿಂದಿನ ಸೀಟುಗಳಿಂದ ಟಿಕೆಟ್ ಕೇಳುತ್ತಾ ಬಂದು ಅವಳ ಮುಂದೆ ನಿಂತ.

"ಮೇಡಮ್ಮಾರೆ, ನಿಮ್ಮ ಟಿಕೆಟ್ಟು?"

ಬಾಯ್ತುಂಬ ರೊಟ್ಟಿ ಇಟ್ಟುಕೊಂಡಿದ್ದ ಕೃತಿಕಾ ಕೈ ತಡಕಾಡಿದಳು. ಬೆಳಗಿನಿಂದ ಎಲ್ಲರ ಟಿಕೆಟ್ಟಿನ ಯೋಚನೆಯಲ್ಲಿ ತನ್ನದೊಂದನ್ನು ಕೊಂಡಿರಲೇ ಇಲ್ಲ.

"ಇಳಿಸಪ್ಪಾ ಇವಳನ್ನ," ಎಂದರು ಪ್ರೇಮಮ್ಮ, ಇಡೀ ಬಸ್ಸಿಗೆ ಕೇಳುವ ಹಾಗೆ.

"ಒಂದು ಕಡೂರು ಕೊಡಿ," ಎಂದಳು ಕೃತಿಕಾ. ಮಷೀನು ಗರಗರ ಎಂದು ಕಾಗದ ಬಿಟ್ಟಿತು. ಅದು ಬೆರಳಿಗೆ ಬೆಚ್ಚಗಿತ್ತು.